ನಮ್ಮ ಮಾವನವರ ಪದಚ್ಯುತಿ

ದೇಶದ ಒಬ್ಬ ದೊಡ್ಡ ನ್ಯಾಯಾಧೀಶರನ್ನು ಹುದ್ದೆಯಿಂದ ತೆಗೆಯುವುದು ಹೇಗೆ ಎಂಬ ಪಾಠವನ್ನು ನಾನು ವರ್ಷಕ್ಕೊಮ್ಮೆ ಮಾಡುತ್ತೇನೆ. ರೋಣದ ಒಂದು ಪದವಿಪೂರ್ವ ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಹೇಳುವುದು ನನ್ನ ಕೆಲಸ. ಬೆಳಿಗ್ಗೆ ಗಜೇಂದ್ರಗಡದಲ್ಲಿ ಬಸ್ಸು ಹತ್ತಿ, ಸೂಡಿಯಲ್ಲಿ ಹತ್ತುವ ಹೆಂಗಸರಿಗೆ ಸೀಟಿನಲ್ಲಿ ಅರ್ಧ ಬಿಟ್ಟುಕೊಟ್ಟು, ಅವರ ಬುಟ್ಟಿಯನ್ನು ತೊಡೆಯ ಮೇಲೆ ಇಟ್ಟುಕೊಂಡು ರೋಣ ಮುಟ್ಟುವ ಹೊತ್ತಿಗೆ ನನ್ನ ತಾಳ್ಮೆಯಲ್ಲಿ ಅರ್ಧ ಖರ್ಚಾಗಿರುತ್ತದೆ. ಉಳಿದರ್ಧವನ್ನು ಈ ಪಾಠ ತಿನ್ನುತ್ತದೆ.

ಪಾಠ ಹೀಗಿದೆ. ಉಚ್ಚ ನ್ಯಾಯಾಲಯ ಅಥವಾ ಸರ್ವೋಚ್ಚ ನ್ಯಾಯಾಲಯದ ನ್ಯಾಯಾಧೀಶರನ್ನು ತೆಗೆಯಲು ಎರಡೇ ಕಾರಣ: ಸಾಬೀತಾದ ದುರ್ನಡತೆ, ಇಲ್ಲವೇ ಅಸಮರ್ಥತೆ. ಲೋಕಸಭೆಯಲ್ಲಾದರೆ ನೂರು ಸದಸ್ಯರು, ರಾಜ್ಯಸಭೆಯಲ್ಲಾದರೆ ಐವತ್ತು ಸದಸ್ಯರು ಸಹಿ ಹಾಕಿ ಸೂಚನೆ ಕೊಡಬೇಕು. ಸಭೆಯ ಅಧ್ಯಕ್ಷರು ಅದನ್ನು ಒಪ್ಪಬಹುದು, ತಳ್ಳಿಹಾಕಲೂಬಹುದು. ಒಪ್ಪಿದರೆ ಮೂವರ ಸಮಿತಿ ಕೂಡುತ್ತದೆ. ಸಮಿತಿ ಆರೋಪಗಳನ್ನು ಬಿಡಿಸಿ ಬರೆದು ನ್ಯಾಯಾಧೀಶರ ಕೈಗೆ ಕೊಡಬೇಕು, ಅವರ ಉತ್ತರ ಕೇಳಬೇಕು. ತಪ್ಪಿಲ್ಲ ಎಂದು ಕಂಡರೆ ಮಾತು ಅಲ್ಲಿಗೇ ಮುಗಿಯಿತು. ತಪ್ಪು ಇದೆ ಎಂದರೆ ಎರಡೂ ಸದನಗಳಲ್ಲಿ ಚರ್ಚೆ, ಒಟ್ಟು ಸದಸ್ಯರಲ್ಲಿ ಅರ್ಧಕ್ಕಿಂತ ಹೆಚ್ಚು ಜನರ ಮತ, ಹಾಜರಿದ್ದು ಮತ ಹಾಕಿದವರಲ್ಲಿ ಮೂರನೇ ಎರಡರಷ್ಟು. ಅದೂ ಆದ ಮೇಲೆ ರಾಷ್ಟ್ರಪತಿಗಳ ಆದೇಶ. ಪತ್ರಿಕೆಯವರು ಇದಕ್ಕೆ ಮಹಾಭಿಯೋಗ ಎನ್ನುತ್ತಾರೆ.

ಇಷ್ಟು ಹೇಳಿ ಮುಗಿಸುವಷ್ಟರಲ್ಲಿ ಹಿಂದಿನ ಬೆಂಚಿನಲ್ಲಿ ಆಕಳಿಕೆ ಶುರುವಾಗಿರುತ್ತದೆ. ಒಬ್ಬರಾದರೂ ಎದ್ದು ಇದು ಎಷ್ಟು ಮಾರ್ಕಿಗೆ ಬರುತ್ತದೆ ಎಂದು ಕೇಳುತ್ತಾರೆ. ಇನ್ನೊಬ್ಬರು, ಇಲ್ಲಿಯವರೆಗೆ ಎಷ್ಟು ಮಂದಿಯನ್ನು ಹೀಗೆ ತೆಗೆದಿದ್ದಾರೆ ಎಂದು ಕೇಳುತ್ತಾರೆ. ಒಬ್ಬರನ್ನೂ ಇಲ್ಲ ಎಂದು ನಾನು ಹೇಳಬೇಕು. ಸೂಚನೆ ಕೊಟ್ಟದ್ದುಂಟು, ಸಮಿತಿ ಕೂಡಿದ್ದುಂಟು, ನಡುದಾರಿಯಲ್ಲಿ ರಾಜೀನಾಮೆ ಕೊಟ್ಟು ಮನೆಗೆ ಹೋದವರುಂಟು. ಆದರೆ ಈ ದಾರಿಯನ್ನು ಕೊನೆಯವರೆಗೆ ನಡೆಸಿ ಯಾರನ್ನೂ ತೆಗೆದಿಲ್ಲ. ಆಗ ಇಡೀ ಕ್ಲಾಸು ನಗುತ್ತದೆ. ಯಾರನ್ನೂ ಇಳಿಸದ ಏಣಿಯ ಮೆಟ್ಟಿಲುಗಳನ್ನು ನಾವ್ಯಾಕೆ ಬಾಯಿಪಾಠ ಮಾಡಬೇಕು ಎಂಬ ಅರ್ಥ ಆ ನಗುವಿನಲ್ಲಿ ಇರುತ್ತದೆ. ಮೊದಲೆಲ್ಲ ನಾನೂ ಅವರೊಂದಿಗೆ ನಗುತ್ತಿದ್ದೆ. ಈಗ ನಗು ಬರುವುದಿಲ್ಲ, ಮೈ ಉರಿಯುತ್ತದೆ. ಯಾಕೆಂದರೆ ನಮ್ಮ ಮನೆಯ ಎದುರಿಗೇ, ನನ್ನ ಕಣ್ಣೆದುರಿಗೇ, ಒಬ್ಬ ನ್ಯಾಯಾಧೀಶರನ್ನು ಎಲೆ ಅಡಿಕೆ ಜಗಿಯುವಷ್ಟು ಹೊತ್ತಿನಲ್ಲಿ ತೆಗೆದುಹಾಕಿದರು. ಅವರು ನಮ್ಮ ಮಾವನವರು.

ನಮ್ಮದು ನೇಕಾರರ ಓಣಿ. ಮನೆಯ ನಡುವೆ ಕುಣಿಮಗ್ಗ, ಕುಣಿಯಲ್ಲಿ ಕಾಲು ಇಳಿಬಿಟ್ಟು ಮಾವನವರು. ಸೀರೆ ನೇಯುವುದು ಅವರ ಕಸುಬು. ನ್ಯಾಯ ಹೇಳುವುದು ಕಸುಬಲ್ಲ, ಅವರ ಪಾಲಿಗೆ ಬಂದ ಮರ್ಯಾದೆ. ಓಣಿಯ ಹಿರಿಯರೆಲ್ಲ ಗುಡಿಯ ಕಟ್ಟೆಯ ಮೇಲೆ ಕೂಡುವುದಕ್ಕೆ ನಮ್ಮಲ್ಲಿ ದೈವ ಕೂಡುವುದು ಎನ್ನುತ್ತಾರೆ. ಅಲ್ಲಿಗೆ ಬರುವುದು ಕೋರ್ಟಿಗೆ ಹೋಗದಂಥ ಜಗಳಗಳು. ಮಗ್ಗಕ್ಕೆ ಏರಿಸುವ ಮುಂಚೆ ನೂಲಿನ ಹಾಸನ್ನು ಬೀದಿಯುದ್ದಕ್ಕೂ ಎಳೆದು ಕಟ್ಟಿ ಗಂಜಿ ಹಚ್ಚಿ ಒಣಗಿಸಬೇಕು. ಎಳೆಬಿಸಿಲು ಮೊದಲು ಬೀಳುವ ಜಾಗ ಯಾರದು, ಹಾಸಿನ ಕೆಳಗೆ ನುಸುಳಿ ಹೋದ ಆಡು ಯಾರದು, ನಡುಗೋಡೆಗೆ ಮೊಳೆ ಹೊಡೆದವರು ಯಾರು, ಇಂಥವು. ಹೊರಗಿನವರಿಗೆ ನಗೆ ಬರಬಹುದು. ಬಿಸಿಲು ತಪ್ಪಿದರೆ ಹಾಸು ತಪ್ಪುತ್ತದೆ, ಹಾಸು ತಪ್ಪಿದರೆ ಆ ವಾರದ ಒಲೆ ತಪ್ಪುತ್ತದೆ. ಓಣಿಯವರಿಗೆ ನಗೆ ಬರುತ್ತಿರಲಿಲ್ಲ.

ಮಾವನವರು ನ್ಯಾಯ ಹೇಳುವ ರೀತಿಯೇ ಬೇರೆ. ಜಗಳಾಡಿದವರು ತಂತಮ್ಮ ದೂರು ಹೇಳುವಂತಿರಲಿಲ್ಲ. ಮೊದಲು ಎದುರಿನವನ ದೂರು ಏನೆಂದು ಹೇಳಬೇಕು, ಅದನ್ನು ಎದುರಿನವನು ಹೌದೆಂದು ಒಪ್ಪಬೇಕು, ಆಮೇಲೆ ತನ್ನದು. ಅನೇಕ ಜಗಳಗಳು ಅಲ್ಲಿಯೇ ಸತ್ತುಹೋಗುತ್ತಿದ್ದವು. ಮದುವೆಯಾಗಿ ಬಂದ ಹೊಸದರಲ್ಲಿ ನಾನೂ ನನ್ನ ಗಂಡನೂ ಯಾವುದಕ್ಕೋ ಕಿತ್ತಾಡಿದಾಗ ಮಾವನವರು ಮಗ್ಗದ ಕುಣಿಯಿಂದಲೇ ಇದನ್ನು ನಮ್ಮ ಮೇಲೆ ಪ್ರಯೋಗಿಸಿದ್ದರು. ಗಂಡನ ದೂರನ್ನು ಬಾಯಿ ಬಿಟ್ಟು ಹೇಳುವಾಗ ಅದರಲ್ಲಿ ಸ್ವಲ್ಪ ನಿಜವಿದೆ ಎಂದು ಗೊತ್ತಾಗಿ ನನಗೆ ವಿಪರೀತ ಸಿಟ್ಟು ಬಂದಿತ್ತು.

ದೈವ ಮುಗಿದ ಮೇಲೆ ಎಲೆ ಅಡಿಕೆಯ ತಾಟು ಬರುತ್ತದೆ. ಆ ತಾಟು ಮೊದಲು ಯಾರ ಮುಂದೆ ನಿಲ್ಲುತ್ತದೋ ಅವರೇ ಓಣಿಯ ಯಜಮಾನರು. ಅದಕ್ಕೆ ಬೇರೆ ಕಾಗದವಿಲ್ಲ, ಚುನಾವಣೆಯಿಲ್ಲ. ಮಾವನವರ ಅಪ್ಪನ ಮುಂದೆ ನಿಲ್ಲುತ್ತಿತ್ತಂತೆ, ಆಮೇಲೆ ನಡುವೆ ಬೇರೊಬ್ಬರ ಮುಂದೆ, ಆಮೇಲೆ ಮಾವನವರ ಮುಂದೆ. ತಾಟು ಹಿಡಿಯುವ ಕೆಲಸ ಓಣಿಯ ಕೊನೆಯ ಮನೆಯ ಅಜ್ಜನದು.

ಅದು ಶ್ರಾವಣದ ಒಂದು ಸೋಮವಾರ. ಪಂಚಮಿಗೆ ಬಂದ ಹೆಣ್ಣುಮಕ್ಕಳು ಇನ್ನೂ ತವರಿನಲ್ಲೇ ಇದ್ದರು. ದೈವ ಕೂಡಿತ್ತು, ಹೆಂಗಸರಾದ ನಾವು ಎಂದಿನಂತೆ ನಮ್ಮ ನಮ್ಮ ಬಾಗಿಲಲ್ಲಿ ನಿಂತು ನೋಡುತ್ತಿದ್ದೆವು. ಬಿಸಿಲಿನ ಜಾಗದ ಜಗಳ, ಮಾವನವರು ಎಂದಿನಂತೆಯೇ ಮುಗಿಸಿದರು. ತಾಟು ಹಿಡಿಯುವ ಅಜ್ಜನಿಗೆ ಜ್ವರ. ಹೆಂಡತಿಯನ್ನು ಕರೆದೊಯ್ಯಲು ಶಿರೋಳದಿಂದ ಬಂದಿದ್ದ ಅವರ ಅಳಿಯ ತಾಟು ಹಿಡಿದಿದ್ದ. ತಾಟು ನಡುವೆ ಕೂತಿದ್ದ ಮಾವನವರ ಹತ್ತಿರ ಬರಲಿಲ್ಲ. ನೆಟ್ಟಗೆ ಬಲಗಡೆ ತುದಿಗೆ ಹೋಗಿ ನೂಲಿನ ಅಂಗಡಿಯವರ ಮುಂದೆ ನಿಂತಿತು.

ಅವರು ಒಂದು ಕ್ಷಣ ಮಾವನವರ ಕಡೆ ನೋಡಿದರು. ಮಾವನವರು ನೆಲ ನೋಡಿದರು. ಕಟ್ಟೆಯ ಮೇಲಿದ್ದ ಒಬ್ಬರೂ ತುಟಿ ಪಿಟಕ್ಕೆನ್ನಲಿಲ್ಲ. ಅಂಗಡಿಯವರು ಎಲೆ ಎತ್ತಿಕೊಂಡರು. ತಾಟು ಸಾಲಾಗಿ ಬಂದು ನಡುವೆ ಮಾವನವರ ಮುಂದೆ ನಿಂತಾಗ ಅವರೂ ಒಂದು ಎಲೆ ತೆಗೆದುಕೊಂಡರು. ಅಷ್ಟೇ. ಎಲ್ಲರೂ ಎದ್ದು ಮನೆಗೆ ಹೋದರು.

ಮುಂದಿನ ಸಲ ದೈವ ಕೂಡಿದಾಗ ನಮ್ಮ ಮನೆಗೆ ಕರೆ ಬರಲಿಲ್ಲ. ಓಣಿಯಲ್ಲಿ ಮನೆಮನೆಗೆ ಹೋಗಿ ಕರೆಯುವವನು ನಮ್ಮ ಬಾಗಿಲು ಬಂದಾಗ ಚಪ್ಪಲಿ ಸದ್ದಾಗದಂತೆ ನಡೆದು ಹೋದ. ಮಾವನವರು ಅಂಗಿ ಹಾಕಿಕೊಂಡು, ಟೋಪಿ ಕೈಯಲ್ಲಿ ಹಿಡಿದು ಕುರ್ಚಿಯ ಮೇಲೆ ಕೂತಿದ್ದರು. ಎದುರಿನ ಕಟ್ಟೆಯ ಮೇಲೆ ಮಾತು ಶುರುವಾದದ್ದು ಒಳಗೆ ಕೇಳಿಸಿತು. ಅವರು ಟೋಪಿಯನ್ನು ಗೂಟಕ್ಕೆ ಹಾಕಿ ಮಗ್ಗಕ್ಕೆ ಇಳಿದರು. ಕರೆಯದೆ ದೈವಕ್ಕೆ ಹೋಗುವುದು ನಮ್ಮಲ್ಲಿ ಇಲ್ಲ, ಸತ್ತರೂ ಹೋಗುವುದಿಲ್ಲ.

ನನ್ನ ಗಂಡನಿಗೆ ಹೇಳಿದೆ. ಹೋಗಿ ಕೇಳಿ, ಏನು ತಪ್ಪಾಯಿತು ಎಂದು ಒಂದು ಮಾತು ಕೇಳಿ ಎಂದೆ. ಅವರು ಮೊಬೈಲಿನಿಂದ ತಲೆ ಎತ್ತಲಿಲ್ಲ. ಅಪ್ಪನಿಗೆ ವಯಸ್ಸಾಯಿತು, ಇನ್ನು ಮೇಲೆ ಮನೆಯಲ್ಲಿ ಆರಾಮಾಗಿ ಇರಲಿ ಎಂದರು. ಅಪ್ಪ ಮುಂಜಾನೆಯಿಂದ ಸಂಜೆಯವರೆಗೆ ಮಗ್ಗದ ಕುಣಿಯಲ್ಲಿ ಕಾಲಾಡಿಸುತ್ತಿರುವಾಗ ಯಾವ ಆರಾಮಿನ ಮಾತು ಇದು ಎಂದು ನಾನು ರೇಗಿದೆ. ನಮ್ಮ ಮನೆಯಲ್ಲಿ ಆ ವಾರ ಅನ್ನ ಸಾರು ಎರಡನ್ನೂ ನಾನು ಸದ್ದು ಮಾಡಿಯೇ ಬಡಿಸಿದೆ.

ಕಾಲೇಜಿನಿಂದ ಬಂದ ಮೇಲೆ ಮಗ್ಗದ ಹತ್ತಿರ ಕೂತು ಲಾಳಿಗೆ ಹಾಕುವ ಕಂಡಿಕೆಗೆ ನೂಲು ಸುತ್ತಿಕೊಡುವುದು ನನ್ನ ಅಭ್ಯಾಸ. ದಸರೆ ಕಳೆದ ಮೇಲೆ ಒಂದು ಸಂಜೆ ಮಾವನವರು ಲಾಳಿ ನಿಲ್ಲಿಸಿ ಕೇಳಿದರು.

"ಯವ್ವಾ, ದಿಲ್ಲ್ಯಾಗ ದೊಡ್ಡ ಜಡ್ಜನ್ನ ತೆಗೀಬೇಕಂದ್ರ ಹ್ಯಾಂಗ ಮಾಡ್ತಾರು?"

ಪಾಠ ಮಾಡುವವಳ ಬಾಯಿ, ಸುಮ್ಮನಿರಲಿಲ್ಲ. ಎಲ್ಲ ಮೆಟ್ಟಿಲೂ ಹೇಳಿದೆ. ನನ್ನ ಯಾವ ವಿದ್ಯಾರ್ಥಿಯೂ ಹಾಗೆ ಕಿವಿಗೊಟ್ಟು ಕೇಳಿಲ್ಲ. ನೂರು ಜನರ ಸಹಿ ಎಂದಾಗ ಅವರು ಮಗ್ಗದ ಹಲಗೆಯ ಮೇಲೆ ಬೆರಳು ಬಡಿದರು. ನೂರು ಯಾಕೆ, ಯಾರಾದರೂ ಒಬ್ಬರು ಬಂದು ಹೀಗಾಗಿದೆ ಅಂದರೂ ಸಾಕಿತ್ತು ಎಂದರು. ಆರೋಪ ಬರೆದು ಕೈಗೆ ಕೊಡಬೇಕು ಎಂದಾಗ ಮತ್ತೊಮ್ಮೆ ಕೇಳಿದರು.

"ತಪ್ಪೇನಂತ ಮದ್ಲ ಹೇಳ್ತಾರೇನು? ಖರೇ ಹೇಳು."

"ಹೇಳಾಕಬೇಕ್ರಿ ಮಾವಾರ. ಹೇಳದ ತೆಗಿಯಾಕ ಬರೂದಿಲ್ಲ."

ಅಂದಿನಿಂದ ಅವರಿಗೆ ಬೇಕಾದದ್ದು ಒಂದೇ. ಯಜಮಾನಿಕೆ ವಾಪಸು ಬೇಡ, ತಾಟು ಬೇಡ. ತಪ್ಪು ಏನೆಂದು ಗೊತ್ತಾಗಬೇಕು. ನನಗೂ ಅದೇ ಹಟ ಹಿಡಿಯಿತು. ದೇಶ ತನ್ನ ನ್ಯಾಯಾಧೀಶರಿಗೆ ಕೊಡುವುದರಲ್ಲಿ ಒಂದು ಚೂರನ್ನು ನಮ್ಮ ಓಣಿ ಕೊಡಬಾರದೇಕೆ?

ತಾಟಿನ ಅಜ್ಜನನ್ನು ನಲ್ಲಿಯ ಹತ್ತಿರ ಹಿಡಿದು ಕೇಳಿದೆ. ತಾನು ಅಂದು ಹಾಸಿಗೆಯಲ್ಲಿ ಬಿದ್ದಿದ್ದೆ, ಹಿರಿಯರು ಹೇಗೆ ಹೇಳಿದರೋ ಹಾಗೆ ಆಗಿದೆ, ಅದನ್ನೇ ತಾನು ಮುಂದುವರಿಸಿದ್ದೇನೆ ಎಂದರು. ಯಾವ ಹಿರಿಯರು? ಎಲ್ಲ ಹಿರಿಯರು. ಒಬ್ಬ ಹಿರಿಯರನ್ನು ಕೇಳಿದೆ. ಉಳಿದವರು ಮಾತಾಡಿಕೊಂಡಿರಬೇಕು, ತನ್ನನ್ನು ಕೇಳಲಿಲ್ಲ ಎಂದರು. ಉಳಿದವರನ್ನು ಕೇಳಿದರೆ ಅವರೂ ಅದನ್ನೇ ಹೇಳಿದರು. ಕೊನೆಗೆ ನೂಲು ತರುವ ನೆವ ಮಾಡಿ ಅಂಗಡಿಗೇ ಹೋದೆ. ಅಂಗಡಿಯವರು ಕೆಟ್ಟವರಲ್ಲ. ಮುಜುಗರದಿಂದ ತಕ್ಕಡಿಯ ಧೂಳು ಒರೆಸುತ್ತ, "ನಾ ಏನ ಬೇಡಿದ್ದಿಲ್ಲ ತಂಗಿ. ಬಂದ ತಾಟ ಹ್ಯಾಂಗ ಹಿಂದ ತಳ್ಳಲಿ? ದೈವದ ಮಾತು" ಎಂದರು. ದೈವದ ಮಾತಂತೆ. ಆ ದೈವದಲ್ಲಿ ಕೂತವರೆಲ್ಲರನ್ನೂ ನಾನು ಕೇಳಿಯಾಗಿತ್ತು, ಒಬ್ಬರೂ ಆ ಮಾತು ಆಡಿರಲಿಲ್ಲ. ಸಂಸತ್ತಿನಲ್ಲಾದರೆ ಕಡೇಪಕ್ಷ ಸಹಿ ಮಾಡಿದವರ ಹೆಸರಾದರೂ ಇರುತ್ತದೆ, ಹಿಡಿದು ಬಯ್ಯಬಹುದು. ಇಲ್ಲಿ ಯಾರನ್ನು ಬಯ್ಯಬೇಕು?

ಹೆಂಗಸು ಓಣಿಯ ಹಿರಿಯರ ಮುಂದೆ ಬಾಯಿ ಮಾಡುತ್ತಾಳೆ ಎಂಬ ಮಾತಷ್ಟೇ ಇದರಿಂದ ನನಗೆ ಸಿಕ್ಕ ಲಾಭ. ಅದನ್ನು ನನ್ನ ಗಂಡ ಮನೆಗೆ ಹೊತ್ತು ತಂದರು. ಅಪ್ಪನಿಗಾಗಿ ಎರಡು ಹೆಜ್ಜೆ ಹಾಕದ ಕಾಲುಗಳು ಈ ಸುದ್ದಿ ತರಲು ಮಾತ್ರ ಲಗೂನೆ ಬಂದವು.

ಇತ್ತ ಮಾವನವರು ಬೇರೊಂದು ಕೆಲಸ ಶುರುಮಾಡಿದ್ದರು. ಪಾಠದಲ್ಲಿ ಎರಡು ಕಾರಣ ಕೇಳಿದ್ದರಲ್ಲ, ಅದರಲ್ಲಿ ಹಗುರದ್ದಾದ ಅಸಮರ್ಥತೆಯನ್ನು ಮೊದಲು ಹಿಡಿದರು. ತನಗೆ ಕಿವಿ ಮಂದವಾಗಿರಬಹುದು, ಅದಕ್ಕೇ ತೆಗೆದಿರಬಹುದು. ಒಂದು ದಿನ ನನ್ನ ಜೊತೆ ಬಸ್ಸು ಹತ್ತಿ ರೋಣದ ದವಾಖಾನೆಗೆ ಬಂದರು. ಡಾಕ್ಟರು ಎರಡೂ ಕಿವಿ ನೋಡಿ, ನಿಮ್ಮ ಸೊಸೆ ಪಿಸುಗುಟ್ಟಿದರೂ ನಿಮಗೆ ಕೇಳಿಸುತ್ತದೆ ಎಂದು ತಮಾಷೆ ಮಾಡಿದರು. ವಾಪಸು ಬರುವಾಗ ಬಸ್ಸಿನಲ್ಲಿ ಮಾವನವರ ಮುಖ ಸಪ್ಪಗಿತ್ತು. ಕಿವಿ ಚೆನ್ನಾಗಿದೆ ಎಂದು ಕೇಳಿ ಅಷ್ಟು ಬೇಜಾರಾದವರನ್ನು ನಾನು ಬೇರೆ ನೋಡಿಲ್ಲ.

ಇನ್ನು ಉಳಿದದ್ದು ದುರ್ನಡತೆ. ಅವರು ತಮ್ಮ ಮೇಲೆ ತಾವೇ ಮೂವರ ಸಮಿತಿಯಾದರು. ಮಗ್ಗದಲ್ಲಿ ಕೂತು ಹಳೆಯ ನ್ಯಾಯಗಳನ್ನೆಲ್ಲ ಒಂದೊಂದಾಗಿ ಬಿಚ್ಚಿ ನೋಡುವುದು. ಯಾವುದಾದರೂ ಒಂದು ಮನಸ್ಸಿಗೆ ಚುಚ್ಚಿದರೆ ಸಂಜೆ ಅಂಗಿ ತೊಟ್ಟು ಆ ಮನೆಗೆ ಹೋಗುವುದು. ಹೋಗಿ, ಅಂದು ನಾನು ಹೇಳಿದ್ದರಲ್ಲಿ ಏನಾದರೂ ಒಂದು ಕಡೆ ವಾಲಿತ್ತೇ ಎಂದು ಕೇಳುವುದು. ನಾನು ಬೇಡವೆಂದೆ. ಆರೋಪ ಹುಡುಕಿಕೊಂಡು ಹೋಗುವುದು ಆರೋಪಿಯ ಕೆಲಸವಲ್ಲ, ಮಾಡುವವರು ಮಾಡಲಿ ಎಂದೆ. ಅವರು ಕೇಳಲಿಲ್ಲ. ಮಾಡುವವರು ಬಾಯಿ ಬಿಡದಿದ್ದರೆ ಮತ್ತೇನು ಮಾಡಲಿ ಎಂದು ನನ್ನನ್ನೇ ಕೇಳಿದರು.

ಮೊದಮೊದಲು ಆ ಮನೆಗಳವರಿಗೆ ನಾಚಿಕೆಯಾಗುತ್ತಿತ್ತು. ಹಾಗೇನಿಲ್ಲ ಯಜಮಾನರೇ, ಚಹಾ ಕುಡಿಯಿರಿ ಎನ್ನುತ್ತಿದ್ದರು. ಆದರೆ ಇವರು ಮೆಟ್ಟಿಲು ಇಳಿದ ಮೇಲೆ ಒಳಗೆ ಮಾತು ಹುಟ್ಟುತ್ತಿತ್ತು. ತಾವಾಗಿಯೇ ಬಂದು ಕೇಳುತ್ತಾರೆಂದರೆ ಏನೋ ಇರಬೇಕು. ಇಲ್ಲದಿದ್ದರೆ ಯಾಕೆ ಬರುತ್ತಾರೆ? ಒಂದು ಮನೆಯಲ್ಲಿ ನಡುಗೋಡೆಯ ಜಗಳ ಸೋತವನು ಬಾಯಿ ಬಿಟ್ಟ. ನೀವೇ ಕೇಳಿದಿರಿ ಅಂತ ಹೇಳುತ್ತೇನೆ, ಅಂದು ನೀವು ನನ್ನ ತಮ್ಮನ ಕಡೆ ಸ್ವಲ್ಪ ವಾಲಿದ್ದು ಖರೆ ಎಂದ. ಅಂದು ಅವನೇ ಕೈ ಮುಗಿದು ಒಪ್ಪಿಕೊಂಡು ಹೋದ ನ್ಯಾಯವದು. ಈಗ ಅವನಿಗೆ ನೆನಪೇ ಬೇರೆಯಾಗಿತ್ತು. ಅವನು ಬಾಯಿ ಬಿಟ್ಟದ್ದೇ ತಡ, ಆಡಿನ ಜಗಳದವರಿಗೂ ನೆನಪಾಯಿತು, ಬಿಸಿಲಿನ ಜಗಳದವರಿಗೂ ನೆನಪಾಯಿತು. ಚಳಿಗಾಲ ಮುಗಿಯುವಷ್ಟರಲ್ಲಿ ಮಾವನವರನ್ನು ಯಾಕೆ ತೆಗೆದರು ಎಂಬುದು ಓಣಿಯಲ್ಲಿ ಎಲ್ಲರಿಗೂ ಗೊತ್ತಿತ್ತು. ಒಬ್ಬೊಬ್ಬರಿಗೂ ಒಂದೊಂದು ಕಾರಣ ಗೊತ್ತಿತ್ತು. ಶಿಕ್ಷೆ ಮೊದಲು, ಆರೋಪ ಆಮೇಲೆ. ನನ್ನ ಪಾಠವನ್ನು ಬಾಲದಿಂದ ತಲೆಗೆ ಓದಿದ ಹಾಗೆ.

ಆಗ ನನಗೆ ಮಾವನವರ ಮೇಲೆಯೇ ಸಿಟ್ಟು ಬಂತು. ಬೇರೆ ಯಾರೂ ಹಾಕದ ಸಹಿಯನ್ನು ನೀವೇ ಹಾಕಿ ಬಂದಿರಿ ಎಂದು ಕೂಗಾಡಿದೆ. ಅವರು ಲಾಳಿ ನಿಲ್ಲಿಸಿ ಕೈಯಲ್ಲಿ ಹಿಡಿದರು. ಗೋಡೆಯ ನ್ಯಾಯ ತಪ್ಪಾಗಿತ್ತೇ ಎಂದು ಮಾತ್ರ ಕೇಳಿದರು. ಅದನ್ನು ಕೇಳಿ ನನ್ನ ಸಿಟ್ಟು ಅಳುವಾಗಿ, ನಾನು ಅಡುಗೆಮನೆಗೆ ಎದ್ದು ಹೋಗಬೇಕಾಯಿತು.

ಮಾರ್ಚಿನಲ್ಲಿ ಪರೀಕ್ಷೆ. ನನಗೆ ನರಗುಂದದ ಒಂದು ಕಾಲೇಜಿನಲ್ಲಿ ಕೊಠಡಿ ಕಾಯುವ ಕೆಲಸ ಬಂತು. ಮಧ್ಯಾಹ್ನ ಕೆಲಸ ಮುಗಿಸಿ ಬಸ್‌ಸ್ಟ್ಯಾಂಡಿಗೆ ಬಂದರೆ, ಚಹಾದಂಗಡಿಯ ಮುಂದೆ ತಾಟಿನ ಅಜ್ಜನ ಮಗಳು ಗಂಡನ ಜೊತೆ ಶಿರೋಳದ ಬಸ್ಸಿಗೆ ಕಾಯುತ್ತಿದ್ದಳು. ತವರಿನ ಓಣಿಯವಳು ಸಿಕ್ಕಳೆಂದು ಆಕೆಗೆ ಹಿಗ್ಗು. ಗಂಡನಿಗೆ ಚಹಾ ಹೇಳಲು ಹೇಳಿದಳು. ಚಹಾ ಕುಡಿಯುತ್ತ ನಾನು ಶ್ರಾವಣದ ಸೋಮವಾರದ ಮಾತು ತೆಗೆದೆ. ಆ ದಿನ ತಾಟನ್ನು ಮೊದಲು ನೂಲಿನ ಅಂಗಡಿಯವರಿಗೆ ಕೊಡಲು ನಿಮಗೆ ಹೇಳಿದವರು ಯಾರು ಎಂದು ಕೇಳಿದೆ.

ಆತ ಬೆಪ್ಪಾಗಿ ನನ್ನ ಮುಖ ನೋಡಿದ. "ಯಾರೂ ಹೇಳಿದ್ದಿಲ್ಲಲ್ರಿ ಅಕ್ಕಾರ. ನಮ್ಮೂರಾಗ ತಾಟ ಯಾವಾಗ್ಲೂ ಬಲಗಡಿಯಿಂದನ ಹಿಡಿತೀವ್ರಿ. ಹಂಗ ಹಿಡದೆ. ನಿಮ್ಮ ಕಡೆ ಬ್ಯಾರೆ ಪದ್ಧತಿ ಐತೇನ್ರಿ?"

ನಾನು ಗ್ಲಾಸನ್ನು ಕಟ್ಟೆಯ ಮೇಲೆ ಇಟ್ಟೆ. ಇಡದಿದ್ದರೆ ಎಸೆಯುತ್ತಿದ್ದೆ. ಆತನ ತಪ್ಪೇನೂ ಇಲ್ಲ. ಕಟ್ಟೆಯ ಮೇಲೆ ಕೂತವರಲ್ಲಿ ಯಜಮಾನರು ಯಾರೆಂದೇ ಆತನಿಗೆ ಗೊತ್ತಿರಲಿಲ್ಲ. ಮರುದಿನ ಬೆಳಿಗ್ಗೆ ಹೆಂಡತಿಯನ್ನು ಕರೆದುಕೊಂಡು ಊರಿಗೆ ಹೋಗಿದ್ದ. ಓಣಿಯವರ ತಪ್ಪೇನೆಂದರೆ, ಬೀಗರ ಮನೆಯವನು ಹಿಡಿದ ತಾಟನ್ನು ದೈವದ ತೀರ್ಮಾನ ಎಂದುಕೊಂಡದ್ದು. ಉಳಿದವರು ಸೇರಿ ನಿರ್ಧರಿಸಿದ್ದಾರೆ ಎಂದು ಪ್ರತಿಯೊಬ್ಬರೂ ತಿಳಿದರು. ಎಲ್ಲರ ಮುಂದೆ ಕೇಳಿದರೆ ತನ್ನನ್ನು ಬಿಟ್ಟು ನಿರ್ಧರಿಸಿದ್ದಾರೆ ಎಂಬುದು ಬಯಲಾಗುತ್ತದಲ್ಲ, ಅದಕ್ಕೆ ಯಾರೂ ಕೇಳಲಿಲ್ಲ. ಯಾರೂ ತೆಗೆಯದೆಯೇ ಮಾವನವರು ಪದಚ್ಯುತರಾಗಿದ್ದರು.

ನರಗುಂದದಿಂದ ರೋಣ, ರೋಣದಿಂದ ಗಜೇಂದ್ರಗಡ. ಎರಡೂ ಬಸ್ಸಿನಲ್ಲಿ ನಿಂತೇ ಬಂದೆ, ಕಾಲು ನೋವು ಗೊತ್ತಾಗಲಿಲ್ಲ. ಒಮ್ಮೆ ಹಲ್ಲು ಕಡಿಯುವಷ್ಟು ಕೋಪ, ಒಮ್ಮೆ ಕುಣಿಯುವಷ್ಟು ಖುಷಿ. ತಪ್ಪೇ ಇಲ್ಲ. ಸಮಿತಿಯ ವರದಿ ನನ್ನ ಬಾಯಲ್ಲಿತ್ತು.

ಮನೆಗೆ ಹೋಗುವ ದಾರಿಯಲ್ಲೇ ನೂಲಿನ ಅಂಗಡಿ. ಒಳಗೆ ಯಾರೂ ಇರಲಿಲ್ಲ, ಅಂಗಡಿಯವರೊಬ್ಬರೇ. ಎಲ್ಲ ಹೇಳಿದೆ. ಅವರು ಕೇಳುತ್ತ ಕೇಳುತ್ತ ಗಲ್ಲಾದ ಹಿಂದೆ ಕುಗ್ಗಿಹೋದರು. ತಾಟಿನ ಅಜ್ಜನನ್ನು ಕರೆಸಿದರು. ಅಜ್ಜ ಹಣೆ ಬಡಿದುಕೊಂಡರು. ಹಾಗಾದರೆ ಮುಂದಿನ ದೈವದಲ್ಲಿ ತಾಟನ್ನು ಮೊದಲಿನ ಹಾಗೆ ಹಿಡಿಯಿರಿ, ಮುಗಿಯಿತು ಎಂದೆ. ಇಬ್ಬರೂ ಮುಖ ಮುಖ ನೋಡಿಕೊಂಡರು. ಈಗ ತಾಟು ತಿರುಗಿಸಿದರೆ ಅಂಗಡಿಯವರನ್ನು ತೆಗೆದಂತಾಗುತ್ತದೆ, ಅವರದೇನು ತಪ್ಪು ಎಂದು ಜನ ಕೇಳುವುದಿಲ್ಲವೇ ಎಂದು ಅಜ್ಜ ಹೇಳಿದರು. ಮಾವನವರ ತಪ್ಪೇನೆಂದು ಆಗ ಯಾರೂ ಕೇಳಲಿಲ್ಲವಲ್ಲ ಎಂದೆ. ಅಂಗಡಿಯವರು ತಕ್ಕಡಿಯನ್ನು ಪಕ್ಕಕ್ಕೆ ಸರಿಸಿ, ನಿಮ್ಮ ಮಾವನವರು ಹೇಗೆ ಹೇಳುತ್ತಾರೋ ಹಾಗೆ ಮಾಡೋಣ, ಅವರು ಹೇಳುವವರೆಗೆ ನಾವಿಬ್ಬರೂ ಯಾರ ಮುಂದೆಯೂ ಬಾಯಿ ಬಿಡುವುದಿಲ್ಲ ಎಂದರು. ಆ ಮಾತಿನಲ್ಲಿ ಮೋಸ ಇರಲಿಲ್ಲ.

ಮಾವನವರು ಮಗ್ಗದಲ್ಲಿದ್ದರು. ನಾನು ಚಪ್ಪಲಿ ಬಿಡುವ ಮೊದಲೇ ಹೇಳಲು ಶುರುಮಾಡಿದೆ. ತಪ್ಪಿಲ್ಲ ಮಾವನವರೇ, ಯಾವ ತಪ್ಪೂ ಇಲ್ಲ, ಗೋಡೆಯದೂ ಇಲ್ಲ, ಆಡಿನದೂ ಇಲ್ಲ. ಶಿರೋಳದ ಪದ್ಧತಿ, ಬಲಗಡೆಯ ತಾಟು, ಜ್ವರದ ಅಜ್ಜ, ಒಂದೇ ಉಸಿರಿನಲ್ಲಿ ಎಲ್ಲ. ಅವರು ಅಡ್ಡ ಬಾಯಿ ಹಾಕಲಿಲ್ಲ. ನಾನು ಮುಗಿಸಿದ ಮೇಲೆ ತಮ್ಮ ಹಳೆಯ ರೂಢಿಯಂತೆ ಕೇಳಿದರು: "ಕಟ್ಟಿ ಮ್ಯಾಲೆ ಕುಂತವರ ಮಾತ ಈಗ ನೀ ಹೇಳು. ಅವರ ಬಾಯಿಲೆ ಹೇಳು."

ನನಗೆ ಇಷ್ಟವಿರಲಿಲ್ಲ. ಆದರೆ ಆ ಮನೆಯಲ್ಲಿ ಅದಕ್ಕೆ ಬೇರೆ ದಾರಿಯಿಲ್ಲ. ಅವರ ಬಾಯಿಯಾಗಿ ಹೇಳಿದೆ: ತಾಟು ಅತ್ತ ಹೋಯಿತು, ಕಾರಣ ಇರಬೇಕು ಅಂದುಕೊಂಡೆವು. ನಿಮ್ಮನ್ನು ತೆಗೆದಿದ್ದಾರೆ ಎಂದು ನಂಬುವುದು ನಮಗೆ ಕಷ್ಟವಾಗಲಿಲ್ಲ. ಅಷ್ಟು ಹೇಳಿದ ಮೇಲೆ ನನ್ನ ಬಾಯಿ ನಿಂತುಹೋಯಿತು. ಬಸ್ಸಿನಲ್ಲಿ ಉದ್ದಕ್ಕೂ ಹೊತ್ತು ತಂದ ಖುಷಿಯೊಳಗೆ ಏನಿತ್ತೆಂದು ಆಗ ಕಂಡಿತು.

ಮಾವನವರು ಲಾಳಿಯೊಳಗಿನ ಖಾಲಿ ಕಂಡಿಕೆ ತೆಗೆದು ನನ್ನ ಕೈಗೆ ಕೊಟ್ಟರು.

"ತಪ್ಪಿಗೆ ತೆಗದಿದ್ರ ಚಲೋ ಇತ್ತು ನೋಡವಾ. ಸುಮ್ನ ತೆಗದ್ರು ಅಂದ್ರ, ಇಷ್ಟ ದಿನಾ ಸುಮ್ನ ಇಟ್ಕೊಂಡಿದ್ರು ಅಂತಾತು."

ನಾನು ಹಾಗಲ್ಲ ಎಂದು ಏನೇನೋ ಹೇಳಿದೆ. ಎಷ್ಟು ಜಗಳ ಬಿಡಿಸಿದ್ದೀರಿ ಎಂದೆ, ಅಂಗಡಿಯವರು ತಾವೇ ಬಿಟ್ಟುಕೊಡಲು ತಯಾರಿದ್ದಾರೆ ಎಂದೆ. ಅವರು ತಲೆ ಅಲ್ಲಾಡಿಸುತ್ತ ಕೇಳಿಸಿಕೊಂಡರು, ಕ್ಲಾಸಿನಲ್ಲಿ ಮಕ್ಕಳು ನನ್ನ ಪಾಠ ಕೇಳಿಸಿಕೊಳ್ಳುವ ಹಾಗೆ. ಆಮೇಲೆ ಅಂಗಡಿಯವರಿಗೂ ಅಜ್ಜನಿಗೂ ಹೇಳಿಬಿಡು, ಈ ಮಾತು ಓಣಿಯಲ್ಲಿ ಬೇರೆ ಯಾರಿಗೂ ಗೊತ್ತಾಗಬಾರದು ಎಂದರು. ಯಾಕೆಂದು ಕೇಳಿದೆ. ಕೇಳುವಾಗ ಕೋಪ ಬಂದಿತ್ತು.

"ಏನೋ ಒಂದ ತಪ್ಪ ಮಾಡಿದ್ದಾ ಅಂತನ ಇರ್ಲಿ. ಅದರಾಗ ಮರ್ಯಾದಿ ಐತಿ."

ಈಗಲೂ ನಮ್ಮ ಓಣಿಯಲ್ಲಿ ಮಾವನವರ ತಪ್ಪು ಯಾವುದೆಂದು ಎಲ್ಲರಿಗೂ ಗೊತ್ತಿದೆ. ಗೋಡೆ ಎನ್ನುವವರು ಗೋಡೆ ಎನ್ನುತ್ತಾರೆ, ಆಡು ಎನ್ನುವವರು ಆಡು ಎನ್ನುತ್ತಾರೆ. ನಾನು ನಲ್ಲಿಗೆ ಕೊಡ ಹಚ್ಚಿ ನಿಂತು, ಹಲ್ಲು ಕಚ್ಚಿ ಕೇಳಿಸಿಕೊಂಡು ಬರುತ್ತೇನೆ. ಮಾವನವರಿಗೆ ಮಾತು ಕೊಟ್ಟಿದ್ದೇನೆ, ಅದಕ್ಕೇ ಇಲ್ಲಿ ಯಾರ ಹೆಸರೂ ಹಾಕಿಲ್ಲ. ಈ ವರ್ಷವೂ ಪಾಠ ಬಂತು. ಆರೋಪ ಸಾಬೀತಾಗದಿದ್ದರೆ ಏನಾಗುತ್ತದೆ ಎಂದು ಮುಂದಿನ ಬೆಂಚಿನ ಹುಡುಗಿಯೊಬ್ಬಳು ಕೇಳಿದಳು. ಪುಸ್ತಕದಲ್ಲಿದ್ದದ್ದನ್ನೇ ಹೇಳಿದೆ: ನಿರ್ಣಯ ಅಲ್ಲಿಗೆ ಮುಗಿಯುತ್ತದೆ, ನ್ಯಾಯಾಧೀಶರು ಮೊದಲಿನ ಹಾಗೆಯೇ ಮುಂದುವರಿಯುತ್ತಾರೆ. ಆಕೆ ಅದನ್ನು ಬರೆದುಕೊಂಡಳು.